ಬರೆದು ಅಳಿಸಿದ ಸಂದೇಶಗಳು: ‘ಅನ್‌ಫ್ರೆಂಡೆಡ್’ ಚಿತ್ರದ ಪ್ರಕರಣ ಅಧ್ಯಯನ

ಹದಿಹರೆಯದ ಹುಡುಗಿಯರು ಆನ್‌ಲೈನ್‌ನಲ್ಲಿ ಒಬ್ಬರನ್ನೊಬ್ಬರು ಪೀಡಿಸುವುದನ್ನು ವ್ಯಂಗ್ಯಕ್ಕೆ ಎತ್ತಿಕೊಂಡ ಹಾರರ್ ಚಿತ್ರಗಳು ಹಲವಾರಿವೆ. ಹೆಚ್ಚಿನವು ಮಾಡುವ ತಪ್ಪು ಒಂದೇ. ಫೋನ್ ಹಿಡಿದ ಹುಡುಗಿಯರನ್ನು ದೂರದಿಂದ ತೋರಿಸಿ, ಈ ಕಾಲದ ಮಕ್ಕಳೇ ಹೀಗೆ ಎಂದು ದೊಡ್ಡವರ ಗಂಟಲಿನಲ್ಲಿ ಬೈಯುತ್ತವೆ. ನೋಡುವವರು ನ್ಯಾಯಾಧೀಶರ ಜಾಗದಲ್ಲಿ ಆರಾಮವಾಗಿ ಕುಳಿತು ಎದ್ದು ಹೋಗುತ್ತಾರೆ. ‘ಅನ್‌ಫ್ರೆಂಡೆಡ್’ ಎಂಬ ಅಮೆರಿಕನ್ ಚಿತ್ರ ಪ್ರೇಕ್ಷಕರಿಗೆ ಆ ಜಾಗ ಕೊಡಲಿಲ್ಲ. ಪೀಡಿಸಿದವಳ ಲ್ಯಾಪ್‌ಟಾಪ್ ಮುಂದೆಯೇ ಅವರನ್ನು ಕೂರಿಸಿತು. ಚಿತ್ರದ ಗೆಲುವೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟಿದ್ದು. ಸೋಲುಗಳು ಹುಟ್ಟಿದ್ದು ಆ ತೀರ್ಮಾನವನ್ನು ಮರೆತ ಕಡೆಗಳಲ್ಲಿ. ಮುಂದೆ ಕಥೆಯ ಕೊನೆಯ ತನಕದ ತಿರುವುಗಳು ಬರುತ್ತವೆ, ಆತ್ಮಹತ್ಯೆಯ ಪ್ರಸ್ತಾಪವೂ ಇದೆ.

ಹಿನ್ನೆಲೆ

ನಿರ್ದೇಶಕ ಲೆವಾನ್ ಗಾಬ್ರಿಯಾಡ್ಜೆ ಜಾರ್ಜಿಯಾ ಮೂಲದವರು. ಚಿತ್ರಕಥೆ ನೆಲ್ಸನ್ ಗ್ರೀವ್ಸ್ ಅವರದು. ಇಡೀ ಕಥೆಯನ್ನು ಕಂಪ್ಯೂಟರ್ ಪರದೆಯೊಳಗೇ ಹೇಳುವ ಪ್ರಕಾರವನ್ನು ‘ಸ್ಕ್ರೀನ್‌ಲೈಫ್’ ಎಂದು ಕರೆದು ಬೆಳೆಸಿದ ತಿಮೂರ್ ಬೆಕ್ಮಂಬೆಟೊವ್ ನಿರ್ಮಾಪಕರಲ್ಲೊಬ್ಬರು. 2014ರ ಜುಲೈನಲ್ಲಿ ಮಾಂಟ್ರಿಯಲ್‌ನ ಫ್ಯಾಂಟೇಸಿಯಾ ಚಿತ್ರೋತ್ಸವದಲ್ಲಿ ‘ಸೈಬರ್‌ನ್ಯಾಚುರಲ್’ ಎಂಬ ಹೆಸರಿನಲ್ಲಿ ಮೊದಲು ತೆರೆಕಂಡಿತು. ಆಮೇಲೆ ಯೂನಿವರ್ಸಲ್ ಸಂಸ್ಥೆ ಕೈಗೆತ್ತಿಕೊಂಡು, ಹೆಸರು ಬದಲಿಸಿ, 2015ರ ಏಪ್ರಿಲ್ 17ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿತು. ಸುಮಾರು 10 ಲಕ್ಷ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 6 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ, ಒಂದೇ ರಾತ್ರಿ, ಹೆಚ್ಚುಕಡಿಮೆ ಚಿತ್ರದ ಅವಧಿಯಷ್ಟೇ ಸಮಯದಲ್ಲಿ. ಒಂದು ವರ್ಷದ ಹಿಂದೆ ಲಾರಾ ಬಾರ್ನ್ಸ್ ಎಂಬ ಹುಡುಗಿ ಪ್ರಾಣ ಕಳೆದುಕೊಂಡಿದ್ದಾಳೆ. ಪಾರ್ಟಿಯೊಂದರಲ್ಲಿ ಕುಡಿದು ಪ್ರಜ್ಞೆ ತಪ್ಪಿ ಬಿದ್ದಿದ್ದ ಅವಳ ಅವಮಾನಕರ ವಿಡಿಯೊ ಯೂಟ್ಯೂಬಿಗೆ ಏರಿತ್ತು, ಅದರ ಕೆಳಗೆ ಸಾಯಿ ಎನ್ನುವ ಬೈಗುಳಗಳು ರಾಶಿ ಬಿದ್ದಿದ್ದವು. ಸರಿಯಾಗಿ ಒಂದು ವರ್ಷದ ಬಳಿಕ ಅವಳ ಹಳೆಯ ಗೆಳತಿ ಬ್ಲೇರ್, ಬ್ಲೇರ್‌ಳ ಪ್ರಿಯಕರ ಮಿಚ್, ಜೆಸ್, ಆ್ಯಡಮ್ ಮತ್ತು ಕೆನ್ ಸ್ಕೈಪ್‌ನಲ್ಲಿ ಗುಂಪು ಹರಟೆಗೆ ಕೂಡುತ್ತಾರೆ. ಕರೆಯಲ್ಲಿ ಇನ್ನೊಬ್ಬರಿದ್ದಾರೆ. ಫೋಟೊ ಇಲ್ಲ, ಮುಖವಿಲ್ಲ, ‘ಬಿಲ್ಲಿ227’ ಎಂಬ ಹೆಸರು ಮಾತ್ರ. ಕರೆ ಕಡಿದು ಮತ್ತೆ ಮಾಡಿದರೂ ಆ ಖಾತೆ ಅಲ್ಲೇ ಇರುತ್ತದೆ. ಅದರ ಹಿಂದಿರುವುದು ಲಾರಾಳ ದೆವ್ವ. ತಮಾಷೆ ಮಾಡುತ್ತಿರುವವಳು ವ್ಯಾಲ್ ಇರಬೇಕೆಂದು ಅವಳನ್ನೂ ಸೇರಿಸಿಕೊಳ್ಳುತ್ತಾರೆ. ಗುಂಪಿನಲ್ಲಿ ಯಾರಿಗೂ ಅಷ್ಟಾಗಿ ಬೇಡದವಳು ವ್ಯಾಲ್, ಮೊದಲು ಸಾಯುವವಳೂ ಅವಳೇ. ಅನುಮಾನ ಬಂದೊಡನೆ ಗುಂಪು ಯಾರತ್ತ ಬೆರಳು ತೋರಿಸುತ್ತದೆ ಎಂಬುದನ್ನು ಚಿತ್ರ ಬೇಗನೆ ಹೇಳಿ ಮುಗಿಸುತ್ತದೆ.

ಯಾರ ಕಣ್ಣು, ಯಾರ ಕೈ

ನಾವು ನೋಡುವುದು ಬ್ಲೇರ್‌ಳ ಮ್ಯಾಕ್‌ಬುಕ್ ಪರದೆಯನ್ನು ಮಾತ್ರ. ಅವಳ ಮುಖ ಕಾಣುವುದು ಸ್ಕೈಪ್‌ನ ಸಣ್ಣ ಚೌಕದಲ್ಲಿ, ಉಳಿದವರ ಮುಖಗಳ ಜೊತೆಗೆ. ಆದರೆ ಉಳಿದವರಿಗೆ ಗೊತ್ತಾಗದ್ದೊಂದು ನಮಗೆ ಗೊತ್ತಾಗುತ್ತದೆ: ಅವಳು ಏನನ್ನು ಬರೆದು ಅಳಿಸಿದಳು ಎಂಬುದು.

ಈ ಚಿತ್ರದ ಅತಿ ದೊಡ್ಡ ಶೋಧ ಇದೇ, ಮತ್ತು ಇದಕ್ಕೆ ಬಿಡಿಗಾಸು ಖರ್ಚಿಲ್ಲ. ಬ್ಲೇರ್ ಒಂದು ಸಾಲು ಬರೆಯುತ್ತಾಳೆ, ಕರ್ಸರ್ ಮಿನುಗುತ್ತ ನಿಲ್ಲುತ್ತದೆ, ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಮಾಯವಾಗುತ್ತವೆ, ಇನ್ನೊಂದು ಸಾಲು ಬರುತ್ತದೆ, ಅದು ಹೋಗುತ್ತದೆ. ಅಳಿಸಿದ ಸಾಲು ಅವಳ ಮನಸ್ಸು, ಕಳಿಸಿದ ಸಾಲು ಅವಳ ಮುಖವಾಡ. ನಾಟಕದಲ್ಲಿ ಸ್ವಗತ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬ್ಯಾಕ್‌ಸ್ಪೇಸ್ ಮಾಡುತ್ತದೆ. ಪೀಡನೆಯ ಕಥೆಗೆ ಇದು ಇನ್ನೂ ಹರಿತವಾಗುತ್ತದೆ. ನಿಜವನ್ನು ಬರೆಯುವ ಅವಕಾಶ ಬ್ಲೇರ್‌ಗೆ ಪ್ರತಿ ಸಲವೂ ಇತ್ತು, ಪ್ರತಿ ಸಲವೂ ಅವಳು ಅಳಿಸಿದಳು. ಅದಕ್ಕೆ ಸಾಕ್ಷಿ ನಾವೊಬ್ಬರೇ. ಕೊನೆಯಲ್ಲಿ ವಿಡಿಯೊ ತೆಗೆದವಳು ಅವಳೇ ಎಂದು ಬಯಲಾದಾಗ ಆಶ್ಚರ್ಯಕ್ಕಿಂತ ಮುಜುಗರ ಹೆಚ್ಚಾಗುವುದು ಅದಕ್ಕೇ. ಅಷ್ಟು ಹೊತ್ತೂ ಅವಳ ಭಯದ ಜೊತೆಗಿದ್ದವರು ನಾವು.

ಈ ತಂತ್ರವನ್ನು ಅನುಕರಿಸಿದವರು ಎಡವುವುದು ಟೈಪಿಂಗ್ ವೇಗದಲ್ಲಿ. ಹದಿನೇಳರ ಹುಡುಗಿ ನಿಜವಾಗಿ ಬರೆಯುವ ವೇಗದಲ್ಲಿ ತೋರಿಸಿದರೆ ಪ್ರೇಕ್ಷಕ ಓದಿ ಮುಗಿಸುವಷ್ಟರಲ್ಲಿ ಸಾಲು ಹೋಗಿರುತ್ತದೆ. ನಿಧಾನ ಮಾಡಿದರೆ ಪಾತ್ರಕ್ಕೆ ಟೈಪಿಂಗೇ ಬಾರದೇನೋ ಅನ್ನಿಸುತ್ತದೆ. ನಡುವಿನ ದಾರಿಯೆಂದರೆ ಪದಗಳನ್ನು ವೇಗವಾಗಿ ಬರೆಸಿ, ಸಾಲು ಮುಗಿದ ಮೇಲೆ ಕಳಿಸುವ ಮುನ್ನ ತಡೆಯುವುದು. ಓದುವ ಸಮಯವೂ ಸಿಗುತ್ತದೆ, ಆ ತಡೆ ಹಿಂಜರಿಕೆಯಾಗಿಯೂ ಕಾಣುತ್ತದೆ. ‘ಅನ್‌ಫ್ರೆಂಡೆಡ್’ನ ಒಳ್ಳೆಯ ಕ್ಷಣಗಳೆಲ್ಲ ಇಂಥ ತಡೆಗಳಲ್ಲೇ ಇವೆ.

ಕರ್ಸರ್ ಕಣ್ಣಿನ ಕೆಲಸವನ್ನೂ ಮಾಡುತ್ತದೆ. ಆರು ಕಿಟಕಿ ತೆರೆದಿರುವ ಪರದೆಯಲ್ಲಿ ಪ್ರೇಕ್ಷಕ ಎಲ್ಲಿ ನೋಡಬೇಕೆಂದು ಹೇಳಲು ಕ್ಲೋಸ್‌ಅಪ್ ಇಲ್ಲ, ಈ ಚಿತ್ರ ಬಹುಪಾಲು ಇಡೀ ಡೆಸ್ಕ್‌ಟಾಪನ್ನೇ ತೋರಿಸುತ್ತದೆ. ನಿರ್ದೇಶಕನ ಕೈಯಲ್ಲಿ ಉಳಿಯುವುದು ಮೂರೇ ಸಾಧನ: ಮೇಲೆ ಯಾವ ಕಿಟಕಿ ಇದೆ, ಕರ್ಸರ್ ಎಲ್ಲಿ ತಂಗಿದೆ, ಶಬ್ದ ಯಾವ ಆ್ಯಪ್‌ನಿಂದ ಬಂತು. ಮೂರೂ ಒಂದೇ ಕಡೆ ಕೈ ತೋರಿಸಿದರೆ ದೃಶ್ಯ ಸಲೀಸು. ಮೂರೂ ಬೇರೆ ಬೇರೆ ಕಡೆ ತೋರಿಸಿದರೆ ಆತಂಕ. ಸಂದೇಶ ಬಂದ ಸದ್ದು ಕೇಳಿದರೂ ಕಿಟಕಿ ಹಿಂದೆ ಮುಚ್ಚಿಹೋಗಿರುವ ಕ್ಷಣ ಇಲ್ಲಿ ಕತ್ತಲ ಕೋಣೆಯ ಬಾಗಿಲಿನಷ್ಟೇ ಹೆದರಿಸುತ್ತದೆ. ಹಿನ್ನೆಲೆ ಸಂಗೀತವನ್ನೇ ನೆಚ್ಚಿಕೊಂಡ ಹಾರರ್‌ಗೆ ಹೋಲಿಸಿದರೆ ಇಲ್ಲಿಯ ಹಾಡುಗಳು ಅವಳ ಸ್ಪಾಟಿಫೈನಿಂದಲೇ ಬರುತ್ತವೆ. ದೆವ್ವಕ್ಕೆ ಹಾಡು ಹಾಕುವುದೂ ಗೊತ್ತು, ಅದೂ ಕುಟುಕುವ ಹಾಡು.

ಚಿತ್ರೀಕರಣದ ಲೆಕ್ಕ

ಕಲಾವಿದರನ್ನು ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ವಿಡಿಯೊ ಮೂಲಕ ಪರಸ್ಪರ ನಿಜವಾಗಿಯೇ ಮಾತಾಡುವಂತೆ ಮಾಡಿ, ಬಹಳ ಉದ್ದದ ಟೇಕ್‌ಗಳಲ್ಲಿ ಚಿತ್ರೀಕರಿಸಲಾಯಿತು. ಇದು ಪ್ರದರ್ಶನದ ಚಮತ್ಕಾರಕ್ಕೆ ಮಾಡಿದ್ದಲ್ಲ. ಒಬ್ಬೊಬ್ಬರನ್ನೇ ಬೇರೆ ದಿನ ಚಿತ್ರೀಕರಿಸಿ ಆಮೇಲೆ ಚೌಕಗಳಲ್ಲಿ ಜೋಡಿಸಿದರೆ ಮೊದಲು ಸಾಯುವುದು ಮಾತಿನ ಮೇಲೆ ಮಾತು ಬೀಳುವ ಗದ್ದಲ. ಗುಂಪು ಕರೆಯಲ್ಲಿ ಯಾರೂ ಇನ್ನೊಬ್ಬರ ಮಾತು ಮುಗಿಯಲಿ ಎಂದು ಕಾಯುವುದಿಲ್ಲ. ಎರಡನೆಯದಾಗಿ, ಮಾತಾಡದವರ ಮುಖಗಳು ಸತ್ತುಹೋಗುತ್ತವೆ. ಜೆಸ್ ಅಳುವಾಗ ಮೂಲೆಯ ಚೌಕದಲ್ಲಿ ಆ್ಯಡಮ್ ಏನು ಮಾಡುತ್ತಿದ್ದಾನೆ ಎಂಬುದು ಈ ಚಿತ್ರದಲ್ಲಿ ಕಥೆಯ ಭಾಗ. ಪೀಡನೆ ನಡೆಯುವಾಗ ಸುಮ್ಮನೆ ನೋಡುವವರ ಬಗ್ಗೆ ಮಾಡಿದ ಚಿತ್ರದಲ್ಲಿ ಸುಮ್ಮನೆ ನೋಡುವ ಮುಖಗಳು ಜೀವಂತವಾಗಿರದಿದ್ದರೆ ಏನು ಬಂತು?

ಈ ಪ್ರಕಾರದಲ್ಲಿ ಕೆಲಸ ಮಾಡುವವರು ಗಮನಿಸುವ ಸಣ್ಣ ಸಂಗತಿಗಳು ಇನ್ನೂ ಇವೆ. ವೆಬ್‌ಕ್ಯಾಮ್‌ನಲ್ಲಿ ಯಾರೂ ಲೆನ್ಸನ್ನು ನೋಡುವುದಿಲ್ಲ, ಅದರ ಕೆಳಗಿನ ಪರದೆಯನ್ನು ನೋಡುತ್ತಾರೆ. ಹಾಗಾಗಿ ದೃಷ್ಟಿ ಸದಾ ಸ್ವಲ್ಪ ಕೆಳಗೆ ಇಳಿದಿರಬೇಕು, ನೇರ ನೋಟವನ್ನು ಒಂದೆರಡು ಕ್ಷಣಕ್ಕೆ ಉಳಿಸಿಕೊಳ್ಳಬೇಕು. ಕತ್ತಲ ಕೋಣೆಯಲ್ಲಿ ಮುಖದ ಬೆಳಕು ಪರದೆಯದೇ ಆದ್ದರಿಂದ ಬಿಳಿ ಪುಟ ತೆರೆದಾಗ ಕೆನ್ನೆ ಬೆಳಗಬೇಕು, ಕಪ್ಪು ವಿಡಿಯೊ ಓಡುವಾಗ ಮಂಕಾಗಬೇಕು. ಇದು ತಪ್ಪಿದರೆ ಕಾರಣ ಹೊಳೆಯದಿದ್ದರೂ ಸುಳ್ಳೆಂದು ಕಣ್ಣಿಗೆ ತಿಳಿದುಬಿಡುತ್ತದೆ.

ಇಂಟರ್ನೆಟ್ ತೊದಲುವುದನ್ನು ಚಿತ್ರ ಮಂಜಿನಂತೆ ಬಳಸುತ್ತದೆ. ಕ್ರೌರ್ಯ ಶುರುವಾಗುವ ಹೊತ್ತಿಗೆ ಸರಿಯಾಗಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ಧ್ವನಿ ಕಡಿಯುತ್ತದೆ; ಕೆನ್‌ನ ಸಾವನ್ನು ನಾವು ಕಾಣುವುದು ಹೀಗೆ ತುಣುಕುಗಳಲ್ಲಿ. ಮೇಕಪ್ ಖರ್ಚು ಉಳಿಯಿತು, ಕಲ್ಪನೆಗೆ ಕೆಲಸವೂ ಸಿಕ್ಕಿತು. ವ್ಯಾಲ್‌ಳ ದೃಶ್ಯ ಇದಕ್ಕಿಂತ ಜಾಣತನದ್ದು. ಅವಳು ಅಲುಗಾಡದೆ ಕುಳಿತಿದ್ದಾಳೆ, ವಿಡಿಯೊ ಹೆಪ್ಪುಗಟ್ಟಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಅವಳ ಪಕ್ಕದ ಫೋನ್ ಕಂಪಿಸಿ ಸರಿಯುತ್ತದೆ. ವಿಡಿಯೊ ಓಡುತ್ತಲೇ ಇದೆ! ಎಲ್ಲರಿಗೂ ದಿನಬಳಕೆಯಲ್ಲಿ ಗೊತ್ತಿರುವ ಸಣ್ಣ ಕಿರಿಕಿರಿಯಿಂದ ಹುಟ್ಟಿದ ಹೆದರಿಕೆ ಇದು, ಕಿರುಚಾಟಕ್ಕಿಂತ ಆಳಕ್ಕಿಳಿಯುತ್ತದೆ.

ಬಟನ್‌ಗಳೇ ವ್ಯಂಗ್ಯ

ಲಾರಾಳ ಖಾತೆಯಿಂದ ಸಂದೇಶ ಬಂದಾಗ ಬ್ಲೇರ್ ಮಾಡುವ ಮೊದಲ ಕೆಲಸ ಅವಳನ್ನು ಗೆಳೆಯರ ಪಟ್ಟಿಯಿಂದ ತೆಗೆಯಲು ಹೊರಡುವುದು. ಆ ಆಯ್ಕೆಯೇ ಅಲ್ಲಿಲ್ಲ. ಸತ್ತವರ ಪುಟವನ್ನು ಸ್ಮಾರಕ ಖಾತೆಯಾಗಿ ಮಾಡಿಸಲು ಫೇಸ್‌ಬುಕ್‌ನ ಅರ್ಜಿಯನ್ನೂ ಹುಡುಕುತ್ತಾಳೆ. ಗಮನಿಸಿ, ಒಂದು ವರ್ಷ ಅದು ಅವಳಿಗೆ ನೆನಪಾಗಿರಲಿಲ್ಲ. ದುಃಖಕ್ಕೆ ಬೇಕಾಗದ ಸ್ಮಾರಕ ಭಯಕ್ಕೆ ಬೇಕಾಯಿತು.

ವ್ಯಾಲ್‌ಳ ಪಾರ್ಟಿ ಫೋಟೊಗಳು ಜೆಸ್‌ಳ ಖಾತೆಯಿಂದ ಹೊರಬಿದ್ದಾಗ ಜೆಸ್ ತಾನು ಹಾಕಿದ್ದಲ್ಲ ಎನ್ನುತ್ತಾಳೆ, ಯಾರೂ ನಂಬುವುದಿಲ್ಲ. ಅಳಿಸಿದರೆ ಇನ್ನೊಬ್ಬರ ಖಾತೆಯಲ್ಲಿ ಅವೇ ಫೋಟೊಗಳು. ಲಾರಾಳಿಗೆ ಅವರು ಮಾಡಿದ್ದೂ ಇದೇ ಅಲ್ಲವೇ? ಒಮ್ಮೆ ಏರಿದ್ದು ಇಳಿಯುವುದಿಲ್ಲ. ದೆವ್ವ ಇಲ್ಲಿ ಹೊಸ ಆಯುಧವನ್ನೇನೂ ತರುವುದಿಲ್ಲ, ಇದ್ದ ಸೌಲಭ್ಯಗಳನ್ನೇ ತಿರುಗಿಸಿ ಹಿಡಿಯುತ್ತದೆ. ಜೆಸ್ ಸತ್ತ ಮೇಲೆ ಅವಳ ಚಿತ್ರವೇ ಮೀಮ್ ಆಗುತ್ತದೆ. ಬ್ಲೇರ್ ಸಹಾಯ ಬೇಡಿ, ಅಪರಿಚಿತರೊಡನೆ ವಿಡಿಯೊ ಹರಟೆಗೆ ಕೂರಿಸುವ ಚಾಟ್‌ರೂಲೆಟ್ ತಾಣಕ್ಕೆ ಹೋದಾಗ ಎದುರಾಗುವ ಅಪರಿಚಿತರಲ್ಲಿ ಹಲವರು ಅಳುವ ಹುಡುಗಿಯನ್ನು ಕಂಡು ಮುಂದಿನವರತ್ತ ಹಾರಿಹೋಗುತ್ತಾರೆ. ಇಡೀ ಚಿತ್ರದಲ್ಲಿ ನನ್ನ ಮಟ್ಟಿಗೆ ಅತ್ಯಂತ ಕಹಿಯಾದ ನಗೆ ಇಲ್ಲಿದೆ.

ಪೀಡನೆಯ ಅಧ್ಯಯನಕ್ಕೆ ಅಡಿಪಾಯ ಹಾಕಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ಅದಕ್ಕೆ ಮೂರು ಲಕ್ಷಣ ಹೇಳಿದ್ದರು: ನೋಯಿಸುವ ಉದ್ದೇಶ, ಪುನರಾವರ್ತನೆ, ಬಲದ ಅಸಮತೋಲನ. ಶಾಲೆಯ ಅಂಗಳದಲ್ಲಿ ಪುನರಾವರ್ತನೆಯೆಂದರೆ ಅದೇ ಹುಡುಗ ನಾಳೆ ಮತ್ತೆ ಹೊಡೆಯುವುದು. ಜಾಲದಲ್ಲಿ ಹಾಗೆ ಬೇಕಿಲ್ಲ. ಒಬ್ಬಳು ಒಂದು ಸಲ ವಿಡಿಯೊ ತೆಗೆದಳು, ಒಬ್ಬ ಒಂದು ಸಲ ಏರಿಸಿದ, ಮತ್ತೊಬ್ಬರು ಒಂದೇ ಸಾಲು ಬರೆದರು. ಪ್ರತಿಯೊಬ್ಬರೂ ಮಾಡಿದ್ದು ಒಂದೇ ಸಲ, ಅವಳಿಗೆ ಬಡಿದದ್ದು ಸಾವಿರ ಸಲ. ಹಾಗಾಗಿಯೇ ಗುಂಪಿನಲ್ಲಿ ಯಾರಿಗೂ ತಾನು ಪೀಡಕ ಅನ್ನಿಸಿಲ್ಲ. ‘ವಿಡಿಯೊ ಹಾಕಿದ್ದು ಯಾರು?’ ಎಂದು ದೆವ್ವ ಕೇಳಿದಾಗ ಬ್ಲೇರ್ ಮಿಚ್‌ನ ಹೆಸರು ಹೇಳುತ್ತಾಳೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಾಕಿದವನು ಯಾರೆಂಬ ಪ್ರಶ್ನೆಗೆ ಉತ್ತರ ಕೊಟ್ಟು, ತೆಗೆದವಳು ಯಾರೆಂಬ ಪ್ರಶ್ನೆಯಿಂದ ಜಾರಿಕೊಂಡಳು. ಇಂಥ ಪ್ರಕರಣಗಳ ವಿಚಾರಣೆಯಲ್ಲಿ ಹೊಣೆ ಜಾರುವುದು ಹೀಗೆಯೇ, ಸತ್ಯವಾದ ಅರ್ಧ ವಾಕ್ಯಗಳ ಮೂಲಕ.

ಲಾರಾಳೂ ಇತರರನ್ನು ಕಾಡುತ್ತಿದ್ದವಳೇ ಎಂದು ಗೆಳೆಯರು ಸಮರ್ಥಿಸಿಕೊಳ್ಳುವುದನ್ನೂ ಚಿತ್ರ ಸೇರಿಸಿದೆ. ಇದು ಒಳ್ಳೆಯ ಬರವಣಿಗೆ. ಸತ್ತವಳನ್ನು ದೇವತೆ ಮಾಡಿದ್ದರೆ ಕಥೆ ಸುಲಭವಾಗುತ್ತಿತ್ತು. ಹುಡುಗಿಯರ ಗುಂಪುಗಳಲ್ಲಿ ಪೀಡಿಸುವವಳು, ಪೀಡನೆಗೊಳಗಾಗುವವಳು ಎಂಬ ಪಾತ್ರಗಳು ವಾರವಾರ ಅದಲುಬದಲಾಗುತ್ತವೆ ಎಂಬುದು ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವ ಮಾತು.

ಐದು ಬೆರಳಿನ ಆಟ

ಚಿತ್ರದ ನಡುಭಾಗ ‘ನಾನೆಂದೂ ಮಾಡಿಲ್ಲ’ ಎಂಬ ಪಾರ್ಟಿ ಆಟ. ಐದು ಬೆರಳು ಎತ್ತಿ ಹಿಡಿಯಬೇಕು, ಹೇಳಿದ ತಪ್ಪನ್ನು ಮಾಡಿದ್ದರೆ ಒಂದು ಬೆರಳು ಮಡಿಸಬೇಕು. ಸೋತವರು ಸಾಯುತ್ತಾರೆ. ಗುಟ್ಟುಗಳು ಒಂದೊಂದಾಗಿ ಬಯಲಾಗುತ್ತವೆ. ಬ್ಲೇರ್‌ಗೆ ತಿನ್ನುವ ಕಾಯಿಲೆ ಇದೆಯೆಂದು ಗಾಳಿಸುದ್ದಿ ಹಬ್ಬಿಸಿದ್ದು ಜೆಸ್. ಆ್ಯಡಮ್‌ನನ್ನು ಪೊಲೀಸರಿಗೆ ಹಿಡಿದುಕೊಟ್ಟಿದ್ದು ಮಿಚ್. ಬ್ಲೇರ್ ಮತ್ತು ಆ್ಯಡಮ್ ನಡುವೆ ಸಂಬಂಧವಿತ್ತು. ರಚನೆಯ ದೃಷ್ಟಿಯಿಂದ ಇದು ಚೊಕ್ಕ ಕೆಲಸ, ಯಾಕೆಂದರೆ ದೆವ್ವ ಉಳಿದವರನ್ನು ಕೊಲ್ಲುವ ಮೊದಲೇ ಗೆಳೆತನವನ್ನು ಗೆಳೆಯರ ಕೈಯಿಂದಲೇ ಕೊಲ್ಲಿಸುತ್ತದೆ. ಬ್ಲೇರ್ ಮತ್ತು ಆ್ಯಡಮ್ ಇಬ್ಬರ ಪ್ರಿಂಟರ್‌ಗಳಿಂದಲೂ ಚೀಟಿ ಬರುತ್ತದೆ. ಪ್ರಿಯಕರನ ಒತ್ತಾಯಕ್ಕೆ ಬ್ಲೇರ್ ತನ್ನ ಚೀಟಿ ತೋರಿಸಿದೊಡನೆ ಆ್ಯಡಮ್ ಸಾಯುತ್ತಾನೆ. ಚೀಟಿಯಲ್ಲಿ ಬರೆದಿದ್ದದ್ದೇ ಅದು: ಇದನ್ನು ತೋರಿಸಿದರೆ ಆ್ಯಡಮ್ ಸಾಯುತ್ತಾನೆ. ಅಸೂಯೆ ತಣಿಸಲು ಒಂದು ಜೀವ ಹೋಯಿತು.

ಆದರೆ ಈ ಗುಟ್ಟುಗಳನ್ನು ಹುಡುಗರವು, ಹುಡುಗಿಯರವು ಎಂದು ಬೇರೆ ಮಾಡಿ ನೋಡಿ. ಹುಡುಗರ ತಪ್ಪುಗಳಲ್ಲಿ ಮಾದಕವಸ್ತು, ಪೊಲೀಸ್, ದ್ರೋಹ, ಬಲಪ್ರಯೋಗ ಬರುತ್ತವೆ. ಹುಡುಗಿಯರ ವಿರುದ್ಧದ ಆರೋಪ ಬಹುಪಾಲು ಮೈಯ ಸುತ್ತಲೇ: ಏನು ತಿಂದಳು, ಯಾರ ಜೊತೆ ಮಲಗಿದಳು, ಎಷ್ಟು ಕುಡಿದಳು. ಜಾಲದಲ್ಲಿ ಹುಡುಗಿಯರ ಮೇಲೆ ಬೀಳುವ ಬೈಗುಳದ ನಿಘಂಟು ಇದೇ, ಆ ಮಟ್ಟಿಗೆ ಚಿತ್ರದ ಗಮನಿಕೆ ಸರಿ. ತೊಡಕು ಮುಂದಿದೆ. ಬ್ಲೇರ್‌ಳ ಖಾಸಗಿ ವಿಡಿಯೊ ಎಲ್ಲರೆದುರು ಓಡುವಾಗ ಚಿತ್ರ ಅದನ್ನು ದಕ್ಕಬೇಕಾದ ಶಿಕ್ಷೆಯಂತೆ ನಡೆಸುತ್ತದೆ. ಲಾರಾಳಿಗಾದ ಅನ್ಯಾಯವೇ ಇದಾಗಿತ್ತು ಎಂಬ ಅರಿವು ದೆವ್ವಕ್ಕಿಲ್ಲದಿರಬಹುದು, ಚಿತ್ರಕ್ಕಾದರೂ ಇರಬೇಕಿತ್ತು. ಇಲ್ಲಿ ವ್ಯಂಗ್ಯ ಕೈಜಾರಿ, ಚಿತ್ರವೇ ಕಮೆಂಟ್ ಬರೆದವರ ಸಾಲಿಗೆ ಹೋಗಿ ನಿಲ್ಲುತ್ತದೆ.

ಎಡವಿದ ಕಡೆಗಳು

ಅತಿ ಗಂಭೀರ ದೋಷ ಮೊದಲ ನಿಮಿಷಗಳಲ್ಲೇ ಇದೆ. ಲಾರಾಳ ಸಾವಿನ ವಿಡಿಯೊವನ್ನು ಬ್ಲೇರ್ ಲೈವ್‌ಲೀಕ್ ಎಂಬ ವಿಡಿಯೊ ತಾಣದಲ್ಲಿ ನೋಡುತ್ತಾಳೆ, ಜೊತೆಗೆ ನಾವೂ ನೋಡುತ್ತೇವೆ. ಚಿತ್ರ, ಕಿರುತೆರೆ, ರಂಗಭೂಮಿಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಮಾರ್ಗದರ್ಶಿ ಹೊರತಂದಿತು. ಆತ್ಮಹತ್ಯೆಯ ಕೃತ್ಯವನ್ನು, ವಿಧಾನವನ್ನು ತೋರಿಸಬೇಡಿ. ಒಂದೇ ಕಾರಣಕ್ಕೆ ಗಂಟು ಹಾಕಬೇಡಿ. ಸಹಾಯ ಸಿಗುತ್ತದೆ, ಬದುಕು ಸುಧಾರಿಸಬಹುದು ಎಂಬುದಕ್ಕೂ ಜಾಗ ಕೊಡಿ ಎಂಬುದು ಅದರ ಸಾರ. ‘ಅನ್‌ಫ್ರೆಂಡೆಡ್’ ಅದಕ್ಕಿಂತ ಹಿಂದಿನದು. ಆದರೂ ಅಳತೆಗೋಲಾಗಿ ಹಿಡಿದರೆ ಮೂರರಲ್ಲೂ ಸೋಲುತ್ತದೆ. ಕೃತ್ಯವನ್ನು ತೋರಿಸುತ್ತದೆ, ಒಂದು ವಿಡಿಯೊದಿಂದ ಒಂದು ಸಾವು ಎಂಬ ನೇರ ಗೆರೆ ಎಳೆಯುತ್ತದೆ, ಸಾವಿನ ನಂತರ ಆಕೆಗೆ ಬದುಕಿದ್ದಾಗ ಇಲ್ಲದ ಶಕ್ತಿ ಕೊಟ್ಟು ಸೇಡು ತೀರಿಸಿಕೊಳ್ಳಲು ಬಿಡುತ್ತದೆ. ಮೂರನೆಯದು ಪ್ರೇತಕಥೆಯ ಹಳೆಯ ಚೌಕಟ್ಟಿನ ಬಳುವಳಿ. ವಯಸ್ಸಾದ ಪ್ರೇಕ್ಷಕರಿಗೆ ಅದು ಕಥೆ. ಈಗಲೇ ಪೀಡನೆಗೆ ಸಿಕ್ಕಿರುವ ಹುಡುಗಿಗೆ, ಸತ್ತರೆ ಎಲ್ಲರಿಗೂ ಬುದ್ಧಿ ಬರುತ್ತದೆ ಎಂಬ ಅಪಾಯದ ಕಲ್ಪನೆಗೆ ಅದು ಇಂಬು ಕೊಡುತ್ತದೆ. ದೃಶ್ಯವನ್ನು ಉಳಿಸಿಕೊಳ್ಳಲೇಬೇಕೆಂದಿದ್ದರೆ ದಾರಿ ಸುಲಭವಿತ್ತು: ವಿಡಿಯೊದ ಕೊಂಡಿ, ಅದರ ಕೆಳಗಿನ ವೀಕ್ಷಣೆಯ ಸಂಖ್ಯೆ, ಅದರ ಮೇಲೆ ನಿಂತ ಕರ್ಸರ್. ಒತ್ತುವಳೋ ಇಲ್ಲವೋ ಎಂಬಲ್ಲೇ ದೃಶ್ಯ ಪೂರ್ತಿಯಾಗುತ್ತಿತ್ತು.

ಎರಡನೆಯ ಕೊರತೆ ವ್ಯಂಗ್ಯದ ಗುರಿಯದು. ಸ್ಕೈಪ್, ಫೇಸ್‌ಬುಕ್, ಯೂಟ್ಯೂಬ್, ಗೂಗಲ್ ಎಲ್ಲವೂ ನಿಜ ಹೆಸರಿನಲ್ಲೇ ಬರುತ್ತವೆ, ಅದರಿಂದ ನೈಜತೆ ಬಂದಿದೆ. ಆದರೆ ಬಳಸುವ ಮಕ್ಕಳಷ್ಟೇ ತಪ್ಪಿತಸ್ಥರು. ವಿಡಿಯೊ ಒಂದು ವರ್ಷ ಅಲ್ಲೇ ಉಳಿದದ್ದು ಹೇಗೆ, ಬೈಗುಳಗಳನ್ನು ಮೇಲಕ್ಕೆ ತಂದದ್ದು ಯಾವುದು ಎಂಬ ಪ್ರಶ್ನೆ ಇಲ್ಲ. ಅಮೆರಿಕದಲ್ಲಿ 1996ರ ಕಾನೂನಿನ ಸೆಕ್ಷನ್ 230, ಬಳಕೆದಾರರು ಹಾಕಿದ್ದಕ್ಕೆ ತಾಣಗಳನ್ನು ಬಹುಮಟ್ಟಿಗೆ ಹೊಣೆಯಿಂದ ದೂರವಿಡುತ್ತದೆ. ಈ ಚಿತ್ರದ ದೆವ್ವವೂ ಅಷ್ಟೇ ರಿಯಾಯಿತಿ ಕೊಟ್ಟಿದೆ.

ಇನ್ನೊಂದು ವಿಪರ್ಯಾಸ ಪ್ರಮಾಣಪತ್ರದ್ದು. ಹಿಂಸೆ, ಭಾಷೆ, ಲೈಂಗಿಕತೆ, ಮಾದಕವಸ್ತು ಮತ್ತು ಮದ್ಯ, ಇವೆಲ್ಲದರಲ್ಲೂ ಹದಿಹರೆಯದವರು ತೊಡಗಿದ್ದಾರೆಂಬ ಕಾರಣಕ್ಕೆ ಚಿತ್ರಕ್ಕೆ ಅಮೆರಿಕದಲ್ಲಿ ‘ಆರ್’ ಸಿಕ್ಕಿತು. ಅಂದರೆ 17 ತುಂಬದವರು ಪೋಷಕರನ್ನೋ ವಯಸ್ಕ ರಕ್ಷಕರನ್ನೋ ಕರೆದುಕೊಂಡೇ ಹೋಗಬೇಕು. ಯಾರ ಬಗ್ಗೆ ಚಿತ್ರವೋ ಅವರು ಒಬ್ಬರೇ ಟಿಕೆಟ್ ಕೊಳ್ಳುವಂತಿಲ್ಲ.

ಸಾವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಡುಗೆಮನೆಯ ಯಂತ್ರ, ಕೂದಲು ಒಪ್ಪ ಮಾಡುವ ಉಪಕರಣ, ಹೀಗೆ ಕೈಗೆ ಸಿಕ್ಕಿದ್ದರಿಂದ ಕೊಲ್ಲಿಸುವುದು ಸ್ಲ್ಯಾಷರ್, ಅಂದರೆ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಹಾರರ್ ಚಿತ್ರಗಳ ಹಳೆಯ ಚಾಳಿ. ಫೇಸ್‌ಬುಕ್ ಸಂದೇಶದಲ್ಲಿ ಇಷ್ಟು ಚುರುಕಾದ ದೆವ್ವಕ್ಕೆ ಮಿಕ್ಸಿ ಯಾಕೆ ಬೇಕಾಯಿತೋ.

ನಂತರದವರು ತಿದ್ದಿದ್ದು

ಬೆಕ್ಮಂಬೆಟೊವ್ ಅವರೇ ನಿರ್ಮಾಪಕರಲ್ಲೊಬ್ಬರಾಗಿದ್ದ 2018ರ ‘ಸರ್ಚಿಂಗ್’ ಚಿತ್ರದಲ್ಲಿ ನಿರ್ದೇಶಕ ಅನೀಶ್ ಚಾಗಂಟಿ ಡೆಸ್ಕ್‌ಟಾಪಿನೊಳಕ್ಕೆ ಕ್ಯಾಮೆರಾ ನುಗ್ಗಿಸಿದರು. ಒಂದು ಐಕಾನ್, ಒಂದು ಸಾಲು ಇಡೀ ತೆರೆ ತುಂಬುತ್ತದೆ. ಚಿತ್ರೀಕರಣಕ್ಕೆ ಮೊದಲೇ ಎಲ್ಲ ಪಾತ್ರಗಳ ಜಾಗದಲ್ಲಿ ತಮ್ಮದೇ ಮುಖವಿಟ್ಟು ಇಡೀ ಚಿತ್ರದ ಕರಡನ್ನು ಸಂಕಲನ ಮಾಡಿಕೊಂಡಿದ್ದರು. ಈ ಪ್ರಕಾರಕ್ಕೆ ಕೈ ಹಾಕುವವರಿಗೆ ಅದು ಕಡ್ಡಾಯವೆಂದೇ ಹೇಳಬೇಕು, ಯಾಕೆಂದರೆ ಯಾವ ಕಿಟಕಿ ಎಲ್ಲಿ ಎಂದು ತಿಳಿಯದೆ ನಟಿಯ ದೃಷ್ಟಿ ಎತ್ತ ಹೋಗಬೇಕೆಂದು ಹೇಳಲಾಗದು. 2020ರ ಲಾಕ್‌ಡೌನ್‌ನಲ್ಲಿ ಬಂದ ‘ಹೋಸ್ಟ್’ ಒಂದು ಗಂಟೆಯೊಳಗೇ ಮುಗಿದು, ಗುಂಪು ಕರೆಯ ಭಯಕ್ಕೆ ಎಷ್ಟು ಅವಧಿ ಸಾಕು ಎಂಬುದನ್ನು ತೋರಿಸಿತು. ‘ಅನ್‌ಫ್ರೆಂಡೆಡ್’ ತನ್ನ 80 ಚಿಲ್ಲರೆ ನಿಮಿಷಗಳಲ್ಲಿ ಹತ್ತನ್ನಾದರೂ ಬಿಟ್ಟುಕೊಡಬಹುದಿತ್ತು, ಆಟದ ಕಿರುಚಾಟದಿಂದ ಮುಖ್ಯವಾಗಿ. 2018ರಲ್ಲಿ ಬಂದ ಇದರದೇ ಎರಡನೇ ಭಾಗ ದೆವ್ವವನ್ನು ಕೈಬಿಟ್ಟು ಮನುಷ್ಯರಿಂದಲೇ ಎಲ್ಲವನ್ನೂ ಮಾಡಿಸಿತು, ಆದರೆ ಹುಡುಗಿಯರ ನಡುವಿನ ಹಳೆಯ ಲೆಕ್ಕಗಳು ಅದರಲ್ಲಿಲ್ಲ.

ಚಿತ್ರ ತೋರಿಸಿದ ಜಾಲವೂ ಈಗ ಬಹಳಷ್ಟು ಹೋಗಿದೆ. ಲೈವ್‌ಲೀಕ್ 2021ರಲ್ಲಿ ಮುಚ್ಚಿತು, ಸ್ಕೈಪ್ 2025ರ ಮೇ 5ರಂದು. ಹೀಗಾಗಿ ಇದನ್ನು ಇಂದು ಮಕ್ಕಳಿಗೆ ತೋರಿಸುವ ಶಿಕ್ಷಕರಿಗೆ ಹಳೆಯ ಕಾಲದ್ದು ಎಂಬ ನಗು ಎದುರಾದೀತು. ಇಡೀ ಚಿತ್ರ ತೋರಿಸುವ ಬದಲು ಎರಡು ತುಣುಕು ಸಾಕು: ಫೋಟೊಗಳು ಖಾತೆಯಿಂದ ಖಾತೆಗೆ ಹಾರುವುದು, ಮತ್ತು ಬ್ಲೇರ್ ಬರೆದು ಅಳಿಸುವುದು. ಮೊದಲ ನಿಮಿಷಗಳನ್ನು ಬಿಟ್ಟುಬಿಡಬೇಕು. ದೊಡ್ಡ ತೆರೆಗಿಂತ ಲ್ಯಾಪ್‌ಟಾಪಿನಲ್ಲೇ ತೋರಿಸುವುದು ಒಳ್ಳೆಯದು, ಪಾತ್ರದ ಪರದೆ ಮತ್ತು ನೋಡುವವರ ಪರದೆ ಅಳತೆಯಲ್ಲಿ ಒಂದಾಗುತ್ತವೆ.

ಕೊನೆಯ ಶಾಟ್‌ನ ತಕರಾರು ಇನ್ನೂ ಉಳಿದಿದೆ. ವಿಡಿಯೊ ತೆಗೆದವಳು ಬ್ಲೇರ್ ಎಂಬ ಸತ್ಯ ಅವಳದೇ ಪುಟದಲ್ಲಿ ಪ್ರಕಟವಾಗುತ್ತದೆ, ಕೆಳಗೆ ಬೈಗುಳಗಳು ಏರತೊಡಗುತ್ತವೆ. ಲಾರಾಳಿಗೆ ಬಂದಂಥದೇ ಮಾತುಗಳು, ಈಗ ನ್ಯಾಯದ ಹೆಸರಿನಲ್ಲಿ. ಚಿತ್ರ ಅಲ್ಲಿಗೆ ನಿಂತಿದ್ದರೆ ಪೀಡಕರ ಗುಂಪು ಬದಲಾಯಿತೇ ಹೊರತು ಪೀಡನೆ ನಿಲ್ಲಲಿಲ್ಲ ಎಂಬುದು ತಾನಾಗಿ ಕಾಣುತ್ತಿತ್ತು. ಅದರ ಬದಲು ಯಾರದೋ ಕೈ ಲ್ಯಾಪ್‌ಟಾಪ್ ಮುಚ್ಚುತ್ತದೆ, ಮೊದಲ ಬಾರಿಗೆ ಪರದೆಯಾಚೆಯ ಕತ್ತಲ ಕೋಣೆ ಕಾಣುತ್ತದೆ, ಲಾರಾ ಮೇಲೆರಗುತ್ತಾಳೆ. ಪ್ರೇಕ್ಷಕರು ಕುರ್ಚಿಯಿಂದ ಹಾರಿದ್ದು ನಿಜ. ಆದರೆ ಅಷ್ಟು ಹೊತ್ತು ಬ್ಲೇರ್‌ಳ ಕೈಯಲ್ಲಿದ್ದ ಅವರನ್ನು ಆ ಒಂದು ಶಾಟ್ ಮತ್ತೆ ಸಾಮಾನ್ಯ ದೆವ್ವದ ಚಿತ್ರದ ನೋಡುಗರನ್ನಾಗಿಸಿ, ಹೊಣೆಯಿಂದ ಬಿಡಿಸಿ ಮನೆಗೆ ಕಳಿಸಿತು.